ಹೆಳವರು ಓದದ ಹೆಸರು

ಬೇಸಿಗೆ ಬಂತೆಂದರೆ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಅಮೆರಿಕದವರ ದಂಡು ಬರುತ್ತದೆ. ಕೈಯಲ್ಲಿ ಮುತ್ತಜ್ಜನ ಹೆಸರು, ಬಾಯಲ್ಲಿ ಒಂದೇ ಪ್ರಶ್ನೆ: ನಮ್ಮೂರು ಯಾವುದು? 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಶುರುವಾದ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಹೋದಲ್ಲಿನ ಕಾಗದದಲ್ಲಿ ಹುಟ್ಟೂರಿನ ಮುಂದೆ ಬಹಳ ಸಲ ‘ಐರ್ಲೆಂಡ್’ ಅಂತಷ್ಟೇ ಇರುತ್ತದೆ. ಇಲ್ಲಿ ಟೌನ್‌ಲ್ಯಾಂಡ್ ಎನ್ನುವ ಪುಟ್ಟ ಪುಟ್ಟ ನೆಲೆಗಳೇ 60,000ಕ್ಕೂ ಜಾಸ್ತಿ. ಎಲ್ಲಿ ಅಂತ ಹುಡುಕೋದು?

ದಾಖಲೆಗಳಾದರೂ ಇವೆಯಾ? 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಿನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿದ್ದ ದಾಖಲೆ ಕಚೇರಿ ಸಿಡಿದು ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಅಲ್ಲೇ ಬೂದಿ. ಮುಂದಿನ ನಾಲ್ಕು ಗಣತಿಗಳನ್ನು ಬೆಂಕಿ ಮುಟ್ಟಲಿಲ್ಲ. ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು! ಹಾಗಾಗಿ ಎಲ್ಲರೂ 1901 ಮತ್ತು 1911ರ ಹಾಳೆಗಳಿಗೇ ಮುಗಿಬೀಳುತ್ತಾರೆ. ಅವನ್ನೂ ಪೂರ್ತಿ ನಂಬೋ ಹಾಗಿಲ್ಲ. 1909ರಲ್ಲಿ 70 ದಾಟಿದವರಿಗೆ ಪಿಂಚಣಿ ಶುರುವಾಯಿತು ನೋಡಿ, ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದುಕರಾದವರು ಅಲ್ಲಿ ಸಿಗುತ್ತಾರೆ.

ಇದನ್ನೆಲ್ಲ ಕೇಳಿ ನಾನು ಆಫೀಸಿನಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದೆ. ನಮ್ಮ ಗದಗ ಕಡೆ ಹೆಳವರು ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು, ನಮ್ಮ ಏಳು ತಲೆಮಾರು ಓದಿ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದರು. ಅದನ್ನು ಸುಡೋಕೆ ಯಾವ ಕಚೇರಿಯೂ ಇರಲಿಲ್ಲ, ಅಲ್ವಾ?

ಸಹೋದ್ಯೋಗಿಯೊಬ್ಬಳು ಸುಮ್ನೆ ನಕ್ಕು ತನ್ನ ಮನೆತನದ 1911ರ ಹಾಳೆ ತೆರೆದಳು. ಮದುವೆಯಾದ ಹೆಂಗಸರಿಗೇ ಅಂತ ಕಾಲಂಗಳು: ಮದುವೆಯಾಗಿ ಎಷ್ಟು ವರ್ಷ, ಹೆತ್ತದ್ದೆಷ್ಟು, ಬದುಕಿರುವುದೆಷ್ಟು. ಅವಳ ಮುತ್ತಜ್ಜಿಯ ಮುಂದೆ ಹನ್ನೊಂದು, ಏಳು. ಆ ಎರಡು ಅಂಕಿ ನೋಡಿ ನನಗೆ ಮಾತೇ ಹೊರಡಲಿಲ್ಲ. ಕ್ಯಾಥೊಲಿಕ್ ಚರ್ಚುಗಳ ಹಳೆಯ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಾಯಿಯ ತವರಿನ ಅಡ್ಡಹೆಸರೂ ಸಾಮಾನ್ಯವಾಗಿ ಇರುತ್ತದೆ. ಒಂದೇ ಊರಲ್ಲಿ ಹತ್ತು ಜನ ಮರ್ಫಿಗಳಿದ್ದರೆ ಯಾವ ಮಗು ಯಾರ ಮನೆಯದು ಅಂತ ಗೊತ್ತಾಗುವುದೇ ಅದರಿಂದ. 2015ರಿಂದ ಆ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯ ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ತೋರಿಸುತ್ತಿದೆ.

ನಮ್ಮ ಮನೆಯಲ್ಲಿ ಓದಿದ ಏಳು ತಲೆಮಾರಿನಲ್ಲಿ ಒಂದು ಹೆಣ್ಣಿನ ಹೆಸರೂ ಇರಲಿಲ್ಲ. ಹೆಳವರದು ತಪ್ಪು ಅನ್ನಲಾರೆ. ಮನೆಯವರು ಹೇಳಿದ್ದನ್ನು ಅವರು ಬರೆದುಕೊಂಡರು. ಹೇಳದವರು ನಾವು.

ಅವತ್ತೇ ರಾತ್ರಿ ಅವ್ವನಿಗೆ ಫೋನ್ ಮಾಡಿ ಮುತ್ತಜ್ಜಿಯ ಹೆಸರು ಕೇಳಿದೆ.

“ಅಕಿ ಹೆಸರು ಯಾರಿಗೆ ಗೊತ್ತೋ ಯಪ್ಪಾ. ಕುಂದಗೋಳದಾಕಿ ಅಂತ ಕರೀತಿದ್ರು,” ಅಂದಳು.

ಊರಂತೂ ಸಿಕ್ಕಿತು.