ಇಂಗ್ಲಿಷ್ ಬಂದರಷ್ಟೇ ಸಾಲದು

ಇಂಗ್ಲಿಷ್ ಚೆನ್ನಾಗಿ ಬಂದರೆ ಯಾವ ದೇಶದಲ್ಲಾದರೂ ವ್ಯವಹಾರ ಕುದುರಿಸಬಹುದು ಎಂದು ಲೇಖಕರೊಬ್ಬರು ಬರೆದಿದ್ದಾರೆ. ಅಷ್ಟು ಸುಲಭ ಅಲ್ಲ ಸಾರ್. ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋದದ್ದನ್ನೇ ನೋಡಿ. ಬಾಗಿಲಲ್ಲಿ ನಿಂತು ನಗುನಗುತ್ತಾ ಸ್ವಾಗತಿಸುವುದು, ಕೊಂಡ ಸಾಮಾನನ್ನು ನೌಕರರೇ ಚೀಲಕ್ಕೆ ತುಂಬಿಕೊಡುವುದು ಅಮೆರಿಕದಲ್ಲಿ ಮರ್ಯಾದೆ. ಜರ್ಮನಿಯ ಗಿರಾಕಿಗಳಿಗೆ ಅದೇ ಕಿರಿಕಿರಿ. ಸಹೋದ್ಯೋಗಿಗಳ ಪ್ರೀತಿ ಪ್ರೇಮಕ್ಕೂ ಕಂಪನಿ ನಿಯಮ ಹೇರಲು ಹೊರಟು 2005ರಲ್ಲಿ ಕೋರ್ಟಿನಲ್ಲಿ ಮುಖಭಂಗವಾಯಿತು. 2006ರಲ್ಲಿ ಅಂಗಡಿಗಳನ್ನು ಜರ್ಮನಿಯದೇ ಆದ ಮೆಟ್ರೋ ಎಂಬ ಮಳಿಗೆ ಕಂಪನಿಗೆ ಮಾರಿ ಗಂಟುಮೂಟೆ ಕಟ್ಟಿದರು. (ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದೂ ತಪ್ಪು. ಆಲ್ದಿಯಂಥ ಅಗ್ಗದ ಮಳಿಗೆಗಳ ಪೈಪೋಟಿ ಏನು ಕಡಿಮೆ ಇತ್ತೇ!)

ನನ್ನದೇ ಪಾಡು ಹೇಳುವುದಾದರೆ, ಜಪಾನಿನವರ ಜೊತೆ ಮೊದಲ ಮೀಟಿಂಗಿನಲ್ಲಿ ನಾನು ಹೇಳಿದ ಪ್ರತಿ ಮಾತಿಗೂ ಅವರು 'ಹೈ, ಹೈ' (ಹೌದು, ಹೌದು) ಅಂದರು. ಒಪ್ಪಿಬಿಟ್ಟರು ಅಂದುಕೊಂಡು ಖುಷಿಯಲ್ಲಿ ಒಪ್ಪಂದದ ಕರಡು ಕಳಿಸಿದೆ. ಆಮೇಲೆ ತಿಳಿಯಿತು, 'ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ' ಅನ್ನುವುದಕ್ಕೂ ಅವರು ಹೈ ಅನ್ನುತ್ತಾರೆ. ದರದ ವಿಷಯ ಬಂದಾಗ ಅವರಲ್ಲಿ ಹಿರಿಯರೊಬ್ಬರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು 'ಸ್ವಲ್ಪ ಕಷ್ಟ' ಅಂದಿದ್ದರು, ಅಷ್ಟೇ. ಅದೇ ಅವರ 'ಇಲ್ಲ' ಅಂತ ಅರ್ಥವಾಗಲು ನನಗೆ ಮೂರು ವಾರ ಹಿಡಿಯಿತು.