ಉತ್ತರ ಬಂತು, ಎರಡನೇ ಪ್ರಶ್ನೆ ಎಲ್ಲಿ?

ಬುಧವಾರ ಮಧ್ಯಾಹ್ನ ಲಂಡನ್ನಿನಲ್ಲಿ, ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಪ್ರಧಾನಿ ಪ್ರಶ್ನೆಗಳನ್ನು ಎದುರಿಸುವ ಅರ್ಧ ಗಂಟೆಯ ವಿಡಿಯೊ ತುಣುಕುಗಳು ಚಿತ್ರದುರ್ಗದ ನನ್ನ ಸ್ನೇಹಿತರ ವಾಟ್ಸಾಪ್ ಗುಂಪಿಗೆ ಆಗಾಗ ಬಂದು ಬೀಳುತ್ತವೆ. ಜೊತೆಗೊಂದು ಒಕ್ಕಣೆ: "ನೋಡ್ರಪ್ಪ, ಅಲ್ಲಿ ಪ್ರಧಾನೀನೇ ಎದ್ದು ನಿಂತು ಉತ್ತರ ಕೊಡ್ತಾನೆ. ನಮ್ಮೋರು ಸದನಕ್ಕೇ ಬರಲ್ಲ."

ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಸಂಸಾರ ಹೂಡಿರುವ ನನ್ನ ಅನಿಸಿಕೆ ಬೇರೆ. ಆ ಅರ್ಧ ಗಂಟೆ ಮಾತಿನ ಮಲ್ಲರ ಅಖಾಡ. ಅಲ್ಲಿ ಗೆದ್ದವರಿಗೆ ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಸಿಗುತ್ತದೆ, ಅಷ್ಟೇ. ಸರ್ಕಾರದ ಬಾಯಿಂದ ನಿಜವಾಗಿ ಮಾಹಿತಿ ಹೊರಬೀಳುವುದು ಯಾರೂ ಹಂಚಿಕೊಳ್ಳದ ಇನ್ನೊಂದು ಜಾಗದಲ್ಲಿ, ಸಂಸದರು ಬರೆದು ಕೇಳಿ ಮಂತ್ರಿಗಳು ಬರೆದು ಉತ್ತರಿಸುವ ಕಡೆ. ಹೋಲಿಸುವುದಾದರೆ ಅದನ್ನು ನಮ್ಮ ವಿಧಾನಸಭೆಯ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರವಷ್ಟೇ ಸಿಗುವ ಪ್ರಶ್ನೆಗಳ ಜೊತೆ ಹೋಲಿಸಬೇಕು. ಹಾಗೆ ಹೋಲಿಸಿದಾಗ, ಗುಂಪಿನ ಗೆಳೆಯರು ಅಂದುಕೊಂಡಷ್ಟು ನಾವು ಹಿಂದೆ ಬಿದ್ದಿಲ್ಲ. ಒಂದು ವಿಷಯದಲ್ಲಂತೂ ಮುಂದೆಯೇ ಇದ್ದೇವೆ.

ವಿಧಾನಸಭೆಯ ಉತ್ತರದ ಹಾಳೆ ನೋಡಿದವರಿಗೆ ಅದರ ಚಹರೆ ಗೊತ್ತು. ಮೇಲೆ ಸದಸ್ಯರ ಹೆಸರು, ಪ್ರಶ್ನೆಯ ಸಂಖ್ಯೆ, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ. ಎಡಗಡೆ ಅ, ಆ, ಇ, ಈ ಎಂದು ಸೀಳಿದ ಪ್ರಶ್ನೆ, ಬಲಗಡೆ ಉತ್ತರ, ಕೊನೆಗೆ ಕಡತದ ಸಂಖ್ಯೆ ಮತ್ತು ಸಚಿವರ ರುಜು. ಮೊದಲ ಉಪಪ್ರಶ್ನೆ ಸಾಮಾನ್ಯವಾಗಿ "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದಿರುತ್ತದೆ. ಉತ್ತರ: "ಬಂದಿದೆ." ಅಲ್ಲಿಗೆ ಒಂದು ಸುತ್ತು ವ್ಯರ್ಥ. ಇಷ್ಟಾದರೂ ಆ ಹಾಳೆಯ ಹಿಂದೆ ಪಿನ್ನು ಹೊಡೆದಿರುವ ಅನುಬಂಧ ಇದೆಯಲ್ಲ, ಅದು ಚಿನ್ನ. ಯಾವ ಗ್ರಾಮ ಪಂಚಾಯಿತಿಯ ಯಾವ ಹಳ್ಳಿಯ ಯಾವ ರಸ್ತೆಗೆ ಯಾವ ವರ್ಷ ಎಷ್ಟು ಲಕ್ಷ ಮಂಜೂರಾಯಿತು, ಎಷ್ಟು ಖರ್ಚಾಯಿತು, ಕೆಲಸ ಯಾವ ಹಂತದಲ್ಲಿದೆ. ಎಷ್ಟು ಶಾಲಾ ಕೊಠಡಿ ಶಿಥಿಲ, ಎಷ್ಟು ಹುದ್ದೆ ಖಾಲಿ. ಎಲ್ಲ ಸಾಲುಸಾಲಾಗಿ, ಅದೂ ಕನ್ನಡದಲ್ಲಿ.

ಇಷ್ಟು ತಳಮಟ್ಟದ ಉತ್ತರ ಬ್ರಿಟನ್ನಿನ ಸಂಸದರಿಗೆ ಕನಸಿನಲ್ಲೂ ಸಿಗುವುದಿಲ್ಲ. ಇಲ್ಲಿ ಮಂತ್ರಿಗಳ ಮೆಚ್ಚಿನ ಉತ್ತರವೊಂದಿದೆ: ಕೇಳಿದ ಮಾಹಿತಿ ಕೇಂದ್ರದಲ್ಲಿ ಕ್ರೋಡೀಕೃತವಾಗಿಲ್ಲ. ಬೀದಿಯ ಗುಂಡಿ, ಕಸ, ಊರ ಗ್ರಂಥಾಲಯ ಎಲ್ಲವೂ ಸ್ಥಳೀಯ ಕೌನ್ಸಿಲ್ಲಿನ ಪಾಲು. ಸಂಸದ ಕೇಳಿದರೆ "ಅದು ಸ್ಥಳೀಯ ಆಡಳಿತದ ವಿಷಯ" ಎಂದು ಮಂತ್ರಿ ಕೈತೊಳೆದುಕೊಳ್ಳಬಹುದು. ಇನ್ನೊಂದು ಕಳ್ಳದಾರಿಯೂ ಉಂಟು. ಉತ್ತರ ಹುಡುಕಲು 850 ಪೌಂಡಿಗಿಂತ ಹೆಚ್ಚು ಖರ್ಚಾಗುವಂತಿದ್ದರೆ "ವೆಚ್ಚ ವಿಪರೀತ" ಎಂದು ಹೇಳಿ ಬಿಟ್ಟುಬಿಡಬಹುದು. ನಮ್ಮಲ್ಲಿ ಹೊಸದುರ್ಗದ ಶಾಸಕರು ಒಂದು ಸೇತುವೆಯ ಬಗ್ಗೆ ಕೇಳಿದರೂ ಮಂತ್ರಿ ರುಜು ಹಾಕಿ ಉತ್ತರ ಕೊಡಬೇಕು. ಖರ್ಚಿನ ಲೆಕ್ಕ ಯಾರೂ ಎತ್ತುವುದಿಲ್ಲ.

ಆ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಗೊತ್ತಾಗಬೇಕಾದರೆ ನನ್ನ ಷಡ್ಡಕನನ್ನು ಕೇಳಬೇಕು. ಅವನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ಗುಮಾಸ್ತ. ಅಧಿವೇಶನದ ದಿನಗಳಲ್ಲಿ ಫೋನು ಮಾಡಿದರೆ "ಅಣ್ಣ, ಎಲ್‌ಎಕ್ಯೂ ಬಂದೈತೆ, ರಾತ್ರಿ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತಾನೆ. ಎಲ್‌ಎಕ್ಯೂ ಎಂದರೆ ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್, ಸರ್ಕಾರಿ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು. ವಿಧಾನಸಭೆಯಿಂದ ಬಂದದ್ದು, ತುರ್ತು, ರಜೆ ಇಲ್ಲ. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿಯ ಪಿಡಿಒ ಮೊಬೈಲಿಗೆ ಇಳಿಯುತ್ತದೆ. ಸದಸ್ಯರು ಕೊಟ್ಟ ಹದಿನೈದು ದಿನದ ನೋಟಿಸು ಕೆಳಗೆ ಇಳಿಯುವ ಹೊತ್ತಿಗೆ "ಇಂದು ಸಂಜೆಯೊಳಗೆ" ಆಗಿರುತ್ತದೆ. ಕಳೆದ ಸಲ ಕೊಟ್ಟ ಪಟ್ಟಿಯನ್ನೇ ತೆಗೆದು, ದಿನಾಂಕ ತಿದ್ದಿ, ಒಂದೆರಡು ಅಂಕಿ ಸೇರಿಸಿ ಕಳಿಸುವುದೂ ಉಂಟಂತೆ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅಂಥ ಗಡುವಿಗೆ ನಾನೂ ಅದನ್ನೇ ಮಾಡುತ್ತಿದ್ದೆ.

ಇಷ್ಟು ಬೆವರು ಸುರಿಸಿ ಸಿದ್ಧವಾದ ಅನುಬಂಧ ಆಮೇಲೆ ಎಲ್ಲಿ ಹೋಗುತ್ತದೆ? ಶಾಸಕರ ಕೈಗೆ ಒಂದು ಪ್ರತಿ. ವಿಧಾನಮಂಡಲದ ಜಾಲತಾಣಕ್ಕೆ ಒಂದು ಪಿಡಿಎಫ್. ನಾನು ತೆರೆದು ನೋಡಿದ ಬಹುಪಾಲು ಕಡತಗಳು ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದವು. "ಮೊಳಕಾಲ್ಮೂರು" ಎಂದು ಟೈಪಿಸಿ ಹುಡುಕಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಕಂಪ್ಯೂಟರಿಗೆ ಅದು ಅಕ್ಷರವಲ್ಲ, ಚಿತ್ರ. ಯಾವ ದಿನ, ಯಾವ ಇಲಾಖೆ, ಯಾರ ಪ್ರಶ್ನೆ ಎಂಬುದು ಮೊದಲೇ ಗೊತ್ತಿದ್ದರೆ ಮಾತ್ರ ತಲುಪಬಹುದು.

ಬ್ರಿಟನ್ ನಮ್ಮನ್ನು ಸೋಲಿಸುವುದು ಇಲ್ಲಿ. ಉತ್ತರದ ಸತ್ವದಲ್ಲಲ್ಲ, ಉತ್ತರ ಬಂದ ಮೇಲೆ ನಡೆಯುವುದರಲ್ಲಿ.

ಕಾಮನ್ಸ್ ಸದಸ್ಯರ ಸಾಧಾರಣ ಲಿಖಿತ ಪ್ರಶ್ನೆಗೆ ವಾರದೊಳಗೆ ಉತ್ತರ ಬರಬೇಕೆಂಬುದು ರೂಢಿ. ಆತುರವಿದ್ದರೆ ಇಂಥ ದಿನವೇ ಉತ್ತರ ಬೇಕು ಎಂದು ದಿನ ಗೊತ್ತುಮಾಡಿ ಕೇಳಬಹುದು, ಒಬ್ಬ ಸದಸ್ಯರಿಗೆ ದಿನಕ್ಕೆ ಅಂಥ ಐದರ ಮಿತಿ. ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ, ಉತ್ತರ ಬಂದ ದಿನವೇ ಅಂತರ್ಜಾಲದಲ್ಲಿ, ಹುಡುಕಬಲ್ಲ ಅಕ್ಷರಗಳಲ್ಲಿ. ಈಗ ನೋಡಿ ಮಜಾ. ಉತ್ತರ ನುಣುಚಿಕೊಳ್ಳುವಂತಿದ್ದರೆ ಸದಸ್ಯರು ಮರುವಾರವೇ ಇನ್ನೊಂದು ಪ್ರಶ್ನೆ ಹಾಕುತ್ತಾರೆ. "ಇಂಥ ತಾರೀಖಿನ ಇಂಥ ಸಂಖ್ಯೆಯ ಪ್ರಶ್ನೆಗೆ ಮಂತ್ರಿಗಳು ಕೊಟ್ಟ ಉತ್ತರವನ್ನು ಅನುಸರಿಸಿ" ಎಂದೇ ಅದು ಶುರುವಾಗುತ್ತದೆ. ಅದಕ್ಕೂ ಅರೆಬರೆ ಉತ್ತರ ಬಂದರೆ ಮೂರನೆಯದು. ಹೀಗೆ ಒಂದೇ ವಿಷಯಕ್ಕೆ ಪ್ರಶ್ನೆಗಳ ಸರ ಕಟ್ಟಿ ಇಲಾಖೆಯನ್ನು ಮೂಲೆಗೆ ತಳ್ಳುವ ಸಂಸದರಿದ್ದಾರೆ. ಯಾವ ಇಲಾಖೆ ಎಷ್ಟು ಪ್ರಶ್ನೆಗೆ ಸಕಾಲಕ್ಕೆ ಉತ್ತರಿಸಿತು ಎಂಬ ಲೆಕ್ಕವನ್ನು ಸದನದ ಕಾರ್ಯವಿಧಾನ ಸಮಿತಿ ಹೊರಗೆ ಹಾಕುತ್ತದೆ. ಇಲಾಖೆಗಳು ತಡ ಮಾಡುತ್ತವೆ, "ಆದಷ್ಟು ಬೇಗ ಉತ್ತರಿಸುತ್ತೇನೆ" ಎಂಬ ಹುಸಿ ಉತ್ತರವೂ ಬರುತ್ತದೆ. ಮಂತ್ರಿಗಳ ಜಾತಿ ಎಲ್ಲ ಕಡೆ ಒಂದೇ. ಆದರೆ ಕೇಳುವವರು ಬೆನ್ನು ಬಿಡುವುದಿಲ್ಲ.

ನಮ್ಮಲ್ಲಿ ಮೌಖಿಕ ಉತ್ತರದ ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಮರುಪ್ರಶ್ನೆ ಕೇಳಬಹುದು, ಆ ದಿನ ಸರದಿ ಬಂದರೆ, ಗದ್ದಲ ಇಲ್ಲದಿದ್ದರೆ. ಲಿಖಿತ ಉತ್ತರಕ್ಕೆ ಆ ಭಾಗ್ಯವಿಲ್ಲ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕೈಗೆ ಬಂದ ಉತ್ತರದ ಮೇಲೆ ಮರುಪ್ರಶ್ನೆ ಹಾಕಬೇಕಾದರೆ ಮುಂದಿನ ಅಧಿವೇಶನ ಬರಬೇಕು. ಅಷ್ಟರಲ್ಲಿ ಶಾಸಕರಿಗೂ ಮರೆತಿರುತ್ತದೆ, ಕೆಲವೊಮ್ಮೆ ಮಂತ್ರಿಯೇ ಬದಲಾಗಿರುತ್ತಾರೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಕೂರಬೇಕೆಂದು 2005ರಲ್ಲಿ ಕರ್ನಾಟಕವೇ ಒಂದು ಕಾಯ್ದೆ ಮಾಡಿಕೊಂಡಿದೆ. ಮಾಡಿಕೊಂಡವರೇ ಅದನ್ನು ಪಾಲಿಸುವುದು ಅಪರೂಪ. ಕಾಮನ್ಸ್ ಸಭೆ ಸುಮಾರು 150 ದಿನ ಕೂರುತ್ತದೆ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯನ್ನೇ ತೆಗೆದುಕೊಳ್ಳಿ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ಅರ್ಧದಷ್ಟು ನೀರು, ಇದಕ್ಕೆ 29.90 ಟಿಎಂಸಿ. ಅಂದಾಜು ವೆಚ್ಚ 21 ಸಾವಿರ ಕೋಟಿ ದಾಟಿದೆ. 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾದಾಗ ನಮ್ಮ ಕಡೆ ಪಟಾಕಿ ಹೊಡೆದರು. 2024, 2025ರಲ್ಲೂ ರಾಜ್ಯದವರು "ಬಿಡಿಗಾಸು ಬಂದಿಲ್ಲ" ಎನ್ನುತ್ತಲೇ ಇದ್ದರು. ಈ ಯೋಜನೆಯ ಬಗ್ಗೆ ದಿಲ್ಲಿಯಲ್ಲೂ ಕೇಳುತ್ತಾರೆ, ಬೆಂಗಳೂರಿನಲ್ಲೂ ಕೇಳುತ್ತಾರೆ. ದಿಲ್ಲಿಯ ಉತ್ತರ ಹಣಕಾಸಿನ ಷರತ್ತು, ಸಮಿತಿ, ಶಿಫಾರಸು ಎಂದು ಸಾಗಿದರೆ, ಬೆಂಗಳೂರಿನದು "ಕಾಮಗಾರಿ ಪ್ರಗತಿಯಲ್ಲಿದೆ" ಎಂದು ನಿಲ್ಲುತ್ತದೆ.

"ಪ್ರಗತಿಯಲ್ಲಿದೆ" ಎನ್ನುವುದರ ಹೊಟ್ಟೆಯೊಳಗೆ ಏನೇನೋ ಅಡಗಿರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಎಂಬ ಒಂದು ಹಳ್ಳಿಯ ಹತ್ತಿರ ಭೂಸ್ವಾಧೀನದ ತಕರಾರಿಗೆ ಕಾಲುವೆ ವರ್ಷಗಟ್ಟಲೆ ನಿಂತಿತ್ತು. ಇಡೀ ಯೋಜನೆಯ ನೂರಾರು ಕಿಲೋಮೀಟರ್ ಕಾಲುವೆಯ ಮುಂದೆ ಅದೊಂದು ಚೂರು. ಆ ಚೂರು ಮುಗಿಯದೆ ಕೆಳಗಿನವರಿಗೆ ನೀರಿಲ್ಲ. "ಯೋಜನೆ ಯಾವ ಹಂತದಲ್ಲಿದೆ" ಎಂಬ ಮೊದಲ ಪ್ರಶ್ನೆಗೆ ಇದು ಎಂದೂ ಹೊರಬರುವುದಿಲ್ಲ. "ತಮ್ಮ ಹಿಂದಿನ ಉತ್ತರದಲ್ಲಿ ಬಾಕಿ ಇದೆ ಎಂದ ಭಾಗ ಯಾವುದು, ಯಾರ ಜಮೀನು, ಎಷ್ಟು ಎಕರೆ, ಪರಿಹಾರದ ಯಾವ ಕಂತು ತಡೆದಿದೆ" ಎಂಬ ಎರಡನೆಯದಕ್ಕೆ ಬರುತ್ತದೆ. ಜಗಳೂರಿನ ರೈತನಿಗೆ ಬೇಕಿರುವುದು ಆ ಎರಡನೆಯದು. ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಎಲ್ಲರೂ ಹೋಗಿ ಫೋಟೊ ತೆಗೆಸಿಕೊಂಡರು. ಮಳೆ ಕೈಕೊಟ್ಟ ವರ್ಷಕ್ಕೆ ಕಾಲುವೆಯ ಲೆಕ್ಕವೇ ಬೇಕು.

ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರಬೇಕಾದ ರೈಲು ಮಾರ್ಗವೂ ಇದೇ ಕಥೆ. 191 ಕಿಲೋಮೀಟರಿನ ಈ ಮಾರ್ಗಕ್ಕೆ 2011-12ರಲ್ಲಿ ಮಂಜೂರಾತಿ ಸಿಕ್ಕಿತು. ಕೆಲಸದ ಖರ್ಚಿನಲ್ಲಿ ಅರ್ಧ ರಾಜ್ಯದ್ದು, ಜಮೀನು ಪೂರ್ತಿ ರಾಜ್ಯವೇ ಕೊಡಬೇಕು. ಲೋಕಸಭೆಯಲ್ಲಿ ಕೇಳಿದರೆ ರೈಲ್ವೆ ಇಲಾಖೆ ರಾಜ್ಯದಿಂದ ಬರಬೇಕಾದ ಜಮೀನಿನ ಕಡೆ ಬೆರಳು ತೋರಿಸುತ್ತದೆ. ವಿಧಾನಸೌಧದಲ್ಲಿ ಕೇಳಿದರೆ ಬೆರಳು ದಿಲ್ಲಿಯ ಕಡೆ ತಿರುಗುತ್ತದೆ. ಎರಡೂ ಲಿಖಿತ, ಎರಡಕ್ಕೂ ಮಂತ್ರಿಗಳ ಜವಾಬ್ದಾರಿ ಇದೆ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, "ಎಕರೆ ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ" ಎಂದು ಕೇಳಿದರೆ ಇಬ್ಬರೂ ತಡವರಿಸಬೇಕು. ಸಂಸದರು ಒಂದು ಪಕ್ಷ, ಶಾಸಕರು ಇನ್ನೊಂದು ಪಕ್ಷ ಆದರಂತೂ ಈ ಕೆಲಸ ಇನ್ನೂ ಸುಲಭ. ಇಬ್ಬರಿಗೂ ಇನ್ನೊಬ್ಬರ ತಪ್ಪು ತೋರಿಸುವ ಉಮೇದು ಇರುತ್ತದಲ್ಲ!

ಚನ್ನಗಿರಿ ಕಡೆಯ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಕನ್ನಡದಲ್ಲೇ ಮಾತಾಡಿದರು ಎಂದು ಈಗಲೂ ಹೆಮ್ಮೆಪಡುತ್ತೇವೆ. ಸರಿಯೇ. ನಮ್ಮ ವಿಧಾನಸಭೆಯಲ್ಲಿ ಕನ್ನಡ ಆಗಲೇ ಗೆದ್ದಿದೆ, ಲಿಖಿತ ಉತ್ತರಗಳೂ ಕನ್ನಡದವೇ. ಹೊಳಲ್ಕೆರೆಯ ಅಡಿಕೆ ಬೆಳೆಗಾರ ಯಾರ ಸಹಾಯವೂ ಇಲ್ಲದೆ ಓದಬಲ್ಲ ಸರ್ಕಾರಿ ದಾಖಲೆ ಅದು. ಓದುವವರಿಲ್ಲ ಎಂಬುದೇ ನನ್ನ ತಕರಾರು. ದಾವಣಗೆರೆ, ಚಿತ್ರದುರ್ಗದಿಂದ ಹೊರಡುವ ಪತ್ರಿಕೆಗಳು ಸದನದಲ್ಲಿ ಯಾರು ಯಾರಿಗೆ ಏಕವಚನದಲ್ಲಿ ಬೈದರು ಎಂಬುದನ್ನು ಮುಖಪುಟಕ್ಕೆ ಹಾಕುತ್ತವೆ. ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆವಿಮೆಯ ಅನುಬಂಧವನ್ನು ಹಾಗೇ ಅಚ್ಚು ಹಾಕಿದರೆ ಅಂದಿನ ಪತ್ರಿಕೆ ಹೋಟೆಲಿನ ಮೇಜಿನಿಂದ ಮೇಜಿಗೆ ಹರಿದಾಡೀತು.

ಮಾಹಿತಿ ಹಕ್ಕಿನ ಅರ್ಜಿ ಇದೆಯಲ್ಲ, ಶಾಸಕರೇಕೆ ಬೇಕು ಎನ್ನುವವರಿಗೆ ಒಂದು ಮಾತು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿ ಕುರಿತ ಕಲಮಿನ ಕೊನೆಗೆ ಸೊಗಸಾದ ಸಾಲೊಂದಿತ್ತು: ಸಂಸತ್ತಿಗೆ ಅಥವಾ ರಾಜ್ಯ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಶಾಸಕರಿಗೆ ಹೇಳಬೇಕಾದ್ದನ್ನು ನನಗೂ ಹೇಳಬೇಕು ಎಂದಾಯಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಆ ಕಲಮನ್ನು ತಿದ್ದುವಾಗ ಈ ಸಾಲನ್ನು ಕೈಬಿಟ್ಟಿತು. ಹೆಸರಿರುವ ಯಾವ ಪಟ್ಟಿ ಕೇಳಿದರೂ "ವೈಯಕ್ತಿಕ" ಎಂದು ಅರ್ಜಿ ವಾಪಸು ಮಾಡುವುದು ಇನ್ನು ಸುಲಭ. ಹಾಗಾಗಿ ಶಾಸಕರ ಪ್ರಶ್ನೆಯ ತೂಕ ಈಗ ಮೊದಲಿಗಿಂತ ಹೆಚ್ಚು.

ನಮ್ಮಲ್ಲಿ ಇರುವ, ಬ್ರಿಟನ್ನಿನಲ್ಲಿ ಇಲ್ಲದ ಇನ್ನೊಂದು ಆಯುಧವನ್ನೂ ಹೇಳಬೇಕು. ಮಂತ್ರಿ ಸದನದಲ್ಲಿ "ಪರಿಶೀಲಿಸುತ್ತೇವೆ", "ಮಾಹಿತಿ ಸಂಗ್ರಹಿಸಿ ಒದಗಿಸಲಾಗುವುದು" ಎಂದರೆ ಅದು ಭರವಸೆ, ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಕಾಮನ್ಸ್‌ನಲ್ಲಿ ಅಂಥ ಸಮಿತಿಯೇ ಇಲ್ಲ. ನಮ್ಮ ಸಮಿತಿಯ ಮುಂದೆ ತನ್ನ ತಾಲ್ಲೂಕಿನ ಯಾವ ಭರವಸೆ ಬಾಕಿಯಿದೆ ಎಂದು ಕೇಳಿದ ಮತದಾರ ನನಗಿನ್ನೂ ಸಿಕ್ಕಿಲ್ಲ. ಮದುವೆಗೆ ಬಂದ ಶಾಸಕರ ಹತ್ತಿರ ವರ್ಗಾವಣೆಯ ಪತ್ರ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ. "ಸಾರ್, ನಿಮ್ಮ ಆ ಪ್ರಶ್ನೆಗೆ ಬಂದ ಉತ್ತರದ ನಾಲ್ಕನೇ ಪುಟ ನೋಡಿದ್ರಾ" ಎಂದು ಯಾರಾದರೂ ಕೇಳಿದ್ದುಂಟೆ? ಕೇಳುವವರಿದ್ದಾರೆ ಎಂದು ಗೊತ್ತಾದರೆ ಅವರೂ ಎರಡನೇ ಪ್ರಶ್ನೆ ಬರೆಯುತ್ತಾರೆ. ಇಲ್ಲಿಯ ಸಂಸದರು ಹುಟ್ಟಾ ಜಾಣರೇನಲ್ಲ. ಕ್ಷೇತ್ರದ ಜನ, ಸಂಘ ಸಂಸ್ಥೆಗಳು ಉತ್ತರ ಓದಿ ಇಮೇಲ್ ಹಾಕುತ್ತಾರೆ, ಅದಕ್ಕೆ ಕೇಳುತ್ತಾರೆ.

ಇದನ್ನೆಲ್ಲ ಹೇಳಿದಾಗ ಷಡ್ಡಕ ಗಾಬರಿಯಾದ. "ಈಗ್ಲೇ ಅಧಿವೇಶನ ಅಂದ್ರೆ ಜೀವ ಹೋಗ್ತೈತೆ. ಒಂದಕ್ಕೆ ಎರಡು ಕೇಳಿಸಿದ್ರೆ ನಾವು ಮನೆಗೇ ಹೋಗಂಗಿಲ್ಲ ಅಣ್ಣ." ಅನುಬಂಧವನ್ನು ಒಮ್ಮೆ ಸರಿಯಾಗಿ ಅಂತರ್ಜಾಲಕ್ಕೆ ಹಾಕಿದರೆ ಬೇರೆ ಬೇರೆ ಶಾಸಕರು ಅದನ್ನೇ ಮತ್ತೆ ಮತ್ತೆ ಕೇಳುವುದು ತಪ್ಪುತ್ತದೆ, ಬದಲಾದ ಸಾಲನ್ನಷ್ಟೇ ತಿದ್ದಿದರಾಯಿತು ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ ಅಂದ: "ಹಂಗಾದ್ರೆ ಮೊದ್ಲು ನಮ್ಮ ಆಫೀಸಿನಾಗೆ ಎಷ್ಟು ಆಪರೇಟರ್ ಹುದ್ದೆ ಖಾಲಿ ಐತೆ ಅಂತ ಒಂದು ಪ್ರಶ್ನೆ ಹಾಕ್ಸು. ಉತ್ತರ ನಾನೇ ಬರೀತೀನಿ, ಸಂಜೆಯೊಳಗೆ."