ಮಸಾಲೆ ಎಲ್ಲಿ ಅಂತ ಕೇಳುವ ಮೊದಲು ಎರಡು ಗುಟುಕು ಕುಡಿಯಿರಿ

ಸಿಂಗಪುರದ ಬಕ್ ಕುತ್ ತೇ ಎಂಬ ಹಂದಿ ಸೂಪ್ ಸಪ್ಪೆ ಅನ್ನುವವರ ಜೊತೆ ನನ್ನದೊಂದು ಜಗಳ ಇದೆ. ಹಾಗನ್ನುವವರು ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯವರಾದರೆ ಜಗಳ ಇನ್ನೂ ಜಾಸ್ತಿ. ಹಂದಿ ಮಾಂಸದ ರುಚಿ ಬಲ್ಲವರು, ತೋಟದ ಸಿಲ್ವರ್ ಓಕ್ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದವರು. ಅವರಿಗೇ ಮೆಣಸಿನ ಘಾಟು ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು?

ತಿನ್ನದವರಿಗಾಗಿ ಹೇಳಿಬಿಡುತ್ತೇನೆ. ಹಂದಿಯ ಪಕ್ಕೆಲುಬನ್ನು ಸಿಪ್ಪೆ ಸಮೇತ ಇಡೀ ಬೆಳ್ಳುಳ್ಳಿ ಗಡ್ಡೆ, ಜಜ್ಜಿದ ಬಿಳಿ ಮೆಣಸಿನ ಜೊತೆ ನಿಧಾನಕ್ಕೆ ಕುದಿಸಿದ ಸೂಪ್ ಇದು. ಸಿಂಗಪುರದಲ್ಲಿ ಹೆಚ್ಚಾಗಿ ಸಿಗುವುದು ತಿಯೋಚೂ ಚೀನೀಯರ ಈ ತಿಳಿ ಬಗೆಯೇ. ಪಕ್ಕದ ಮಲೇಷ್ಯಾದ ಕ್ಲಾಂಗ್ ಊರಿನದು ಬೇರೆ. ಅಲ್ಲಿ ಚಕ್ಕೆ, ಲವಂಗ, ಚಕ್ರಮೊಗ್ಗು, ಚೀನೀ ಬೇರುಗಳು, ಕಪ್ಪು ಸೋಯಾ ಸಾಸ್ ಎಲ್ಲ ಬೀಳುತ್ತದೆ. ಕಷಾಯದ ಘಮ, ಕಪ್ಪು ಬಣ್ಣ. ನನ್ನ ಓಟು ತಿಳಿ ಸೂಪಿಗೆ.

ಊರಿಂದ ಬಂದಿದ್ದ ಭಾವನನ್ನು ಒಂದು ಭಾನುವಾರ ಬೆಳಿಗ್ಗೆ ಸಿಂಗಪುರದ ರಂಗೂನ್ ರಸ್ತೆಯ ಕಡೆ ಕರೆದುಕೊಂಡು ಹೋಗಿದ್ದೆ. ಸೆರಂಗೂನ್ ರಸ್ತೆಯ ಇಡ್ಲಿ-ದೋಸೆ, ಮಲ್ಲಿಗೆ ಹೂವು ದಾಟಿದರೆ ಹತ್ತಿರವೇ. ಅಂಗಡಿಯಲ್ಲಿ ಏಸಿ ಇಲ್ಲ, ತಲೆ ಮೇಲೆ ಫ್ಯಾನು, ಕೂರಲು ಪ್ಲಾಸ್ಟಿಕ್ ಸ್ಟೂಲು. ಬಟ್ಟಲು ಬಂತು. ಭಾವ ಬಗ್ಗಿ ನೋಡಿದರು. ಮೂರು ಪಕ್ಕೆಲುಬು, ಒಂದಿಷ್ಟು ಬೆಳ್ಳುಳ್ಳಿ, ತಳ ಕಾಣುವ ನೀರು.

"ಏನ್ರೀ, ಮಸಾಲೆ ಹಾಕೋದು ಮರೆತಿದ್ದಾರಾ ಇವರು?" ಅಂದರು.

"ಮೊದಲು ಎರಡು ಗುಟುಕು ಕುಡೀರಿ, ಆಮೇಲೆ ಮಾತಾಡಿ."

ಕುಡಿದರು. ಕೆಮ್ಮಿದರು. ಕಣ್ಣಲ್ಲಿ ನೀರು. "ಅಯ್ಯೋ, ಮೆಣಸು!" ಅಂದರು.

ಹೌದು, ಮೆಣಸು. ಬರೀ ಮೆಣಸು. ನಮ್ಮ ಹಂದಿ ಕರಿಯಲ್ಲೂ ಮೆಣಸು ಬೀಳುತ್ತದೆ. ಆದರೆ ಜೀರಿಗೆ, ಕೊತ್ತಂಬರಿ, ಸಾಸಿವೆ ಎಲ್ಲ ಕಪ್ಪಗೆ ಹುರಿದು ಬಿದ್ದಿರುತ್ತದೆ, ಕೊಡಗಿನಲ್ಲಾದರೆ ಮೇಲೊಂದಿಷ್ಟು ಕಾಚಂಪುಳಿ ಎಂಬ ಕಪ್ಪು ಹುಳಿ. ಅದರ ರುಚಿಗೆ ನಾನು ಎದುರು ಹೇಳುವವನಲ್ಲ. ಆದರೆ ಅಲ್ಲಿ ಮೆಣಸು ಗುಂಪಿನಲ್ಲಿ ಗೋವಿಂದ. ಇಲ್ಲಿ ಅದಕ್ಕೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಶೀತ ಆದಾಗ ಅಮ್ಮ ಮಾಡಿಕೊಡುವ ಮೆಣಸಿನ ಸಾರು ನೆನಪಿಸಿಕೊಳ್ಳಿ. ಅದನ್ನು ಯಾರಾದರೂ ಸಪ್ಪೆ ಅಂತಾರಾ? ಅದೇ ಸಾಲಿನದು ಇದು, ಹುಳಿ ಇಲ್ಲ, ಮೂಳೆಯ ಸಾರ ಇದೆ ಅಷ್ಟೆ.

ಇವರು ಬಳಸುವ ಮೆಣಸು ಬೋರ್ನಿಯೊ ದ್ವೀಪದ ಸರವಾಕ್‌ನದು ಅಂತ ಅಂಗಡಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ನಮ್ಮಲ್ಲಿ ಬೋಳುಕಾಳು ಮಾಡುತ್ತಾರಲ್ಲ, ಅದೇ ಕೆಲಸ. ಹಣ್ಣಾದ ಕಾಳನ್ನು ದಿನಗಟ್ಟಲೆ ನೀರಲ್ಲಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸುವುದು. ಕರಿಮೆಣಸಿನ ಪರಿಮಳ ಸ್ವಲ್ಪ ಕಮ್ಮಿಯಾಗುತ್ತದೆ, ಗಂಟಲಿಗೆ ಹತ್ತುವ ಬಿಸಿ ಉಳಿಯುತ್ತದೆ. ಸೂಪಿನ ತಿಳಿ ಬಣ್ಣವೂ ಕೆಡುವುದಿಲ್ಲ.

ಹಂದಿಯೂ ಈಗ ಹೊರಗಿಂದಲೇ ಬರಬೇಕು. ಒಂದು ಕಾಲಕ್ಕೆ ಇಲ್ಲಿನ ಪುಂಗೋಲ್ ಕಡೆ ಹಂದಿ ಸಾಕಣೆ ಜೋರಾಗಿತ್ತು. ನೀರು ಕೊಳಕಾಗುತ್ತದೆ, ಜಾಗ ಸಾಲದು ಅಂತ 1984ರಲ್ಲಿ ಸರ್ಕಾರ ಅದನ್ನು ಹಂತ ಹಂತವಾಗಿ ಮುಚ್ಚಿಸಲು ಹೊರಟಿತು. ಈಗ ಪುಂಗೋಲ್ ತುಂಬ ಎತ್ತೆತ್ತರದ ಫ್ಲಾಟುಗಳು. ಬ್ರೆಜಿಲ್, ಆಸ್ಟ್ರೇಲಿಯಾ, ಸರವಾಕ್ ಕಡೆಯಿಂದ ಮಾಂಸ ಬಂದು ಈ ಬಟ್ಟಲಿಗೆ ಬೀಳುತ್ತದೆ.

ತಿನ್ನುವುದಕ್ಕೂ ಒಂದು ಕ್ರಮ ಇದೆ. ಮಾಂಸ ಮೂಳೆಯಿಂದ ತಾನೇ ಕಳಚಿಕೊಳ್ಳಬೇಕು, ಆದರೆ ಪುಡಿಯಾಗಬಾರದು. ಅದನ್ನು ಕಪ್ಪು ಸೋಯಾ ಸಾಸಿನಲ್ಲಿ ಹಾಕಿದ ಕೆಂಪು ಮೆಣಸಿನಕಾಯಿ ಚೂರಿಗೆ ಅದ್ದಿ ಅನ್ನದ ಜೊತೆ ತಿನ್ನಿ. ಆ ಸಾಸನ್ನು ಸೂಪಿಗೆ ಸುರಿಯಬೇಡಿ, ಪುಣ್ಯ ಬರುತ್ತದೆ. ಬೆಳ್ಳುಳ್ಳಿ ಎಸಳನ್ನು ತುದಿಯಲ್ಲಿ ಒತ್ತಿದರೆ ಒಳಗಿನದು ಬೆಣ್ಣೆಯಾಗಿ ಜಾರಿ ಬರುತ್ತದೆ, ಬಾಯಲ್ಲಿ ಸಿಹಿ. ಯೂ ಚಾರ್ ಕ್ವೇ ಅಂತ ಮೈದಾ ಹಿಟ್ಟಿನ ಕರಿದ ಕಡ್ಡಿ ಕತ್ತರಿಸಿ ಕೊಡುತ್ತಾರೆ. ಸೂಪಿನಲ್ಲಿ ಮುಳುಗಿಸಿ, ಅದು ಪೂರ್ತಿ ಮೆತ್ತಗಾಗುವ ಮೊದಲೇ ಬಾಯಿಗೆ ಹಾಕಿಕೊಳ್ಳಬೇಕು. ಬಟ್ಟಲು ಖಾಲಿಯಾದರೆ ಆಂಟಿ ಬಂದು ಮತ್ತೆ ಸೂಪ್ ಸುರಿಯುತ್ತಾರೆ, ಅದಕ್ಕೆ ದುಡ್ಡಿಲ್ಲ. ಮೇಜಿನ ಮೇಲೆ ತಂದಿಟ್ಟ ಕಡಲೆಕಾಯಿ ಬೀಜ, ಒದ್ದೆ ಟಿಶ್ಯೂಗೆ ಮಾತ್ರ ದುಡ್ಡಿದೆ. ಮುಟ್ಟುವ ಮೊದಲು ಯೋಚಿಸಿ.

ಜೊತೆಗೆ ಚೀನೀ ಟೀ. ಹಾಲು, ಸಕ್ಕರೆ ಇಲ್ಲ. ಪುಟ್ಟ ಕುಡಿಕೆ, ಒಂದೇ ಗುಟುಕಿನ ಬಟ್ಟಲುಗಳು. ಮೊದಲು ಸುರಿದ ನೀರಿನಿಂದ ಬಟ್ಟಲು ಬೆಚ್ಚಗೆ ಮಾಡಿ ಚೆಲ್ಲುತ್ತಾರೆ, ಆಮೇಲಿನದು ಕುಡಿಯಲು. ಕೊಬ್ಬಿನ ಜಿಡ್ಡು ನಾಲಿಗೆಯಿಂದ ಇಳಿದು ಇನ್ನೊಂದು ಬಟ್ಟಲು ಸೂಪಿಗೆ ಜಾಗ ಆಗುತ್ತದೆ. ಟೀ ಬೇಡ, ಕೋಕ್ ಸಾಕು ಅನ್ನುವವರು ಅರ್ಧ ಊಟ ಬಿಟ್ಟು ಎದ್ದ ಹಾಗೆ.

ಈ ಸೂಪ್ ಯಾರದು ಅಂತ ಎರಡು ದೇಶಗಳ ನಡುವೆ ಎಳೆದಾಟ ಇದ್ದೇ ಇದೆ. 2024ರಲ್ಲಿ ಮಲೇಷ್ಯಾ ಇದನ್ನು ರಾಷ್ಟ್ರೀಯ ಪರಂಪರೆಯ ತಿನಿಸುಗಳ ಪಟ್ಟಿಗೆ ಸೇರಿಸಿದಾಗ, ಮುಸ್ಲಿಮರು ತಿನ್ನದ ಹಂದಿ ಹೇಗೆ ರಾಷ್ಟ್ರೀಯ ಆಗುತ್ತದೆ ಅಂತ ಅಲ್ಲೇ ದೊಡ್ಡ ಗಲಾಟೆ ಆಯಿತು. ಅದೇ ವರ್ಷದ ಕೊನೆಗೆ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟದ ಜಗಳ ನೋಡಿದ ನಮಗೆ ಇದೇನು ಹೊಸದಲ್ಲ ಬಿಡಿ. ತಿನ್ನದವರು ತಿನ್ನಬೇಕಿಲ್ಲ. ತಿನ್ನುವವರ ಊಟ ಪಟ್ಟಿಯಲ್ಲಿ ಕಾಣಲೇಬಾರದು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಭಾವ ಮೂರನೇ ಸಲ ಸೂಪ್ ಹಾಕಿಸಿಕೊಂಡು, ಊರಲ್ಲಿ ಮಾಡೋದು ಹೇಗೆ ಅಂತ ಕೇಳಿದರು. ನಾನು ಮನೆಯಲ್ಲಿ ಮಾಡುವುದು ಹೀಗೆ. ಪಕ್ಕೆಲುಬನ್ನು ಒಮ್ಮೆ ಕುದಿಸಿ ಆ ನೀರು ಚೆಲ್ಲಿ, ಮೂಳೆ ತೊಳೆಯಿರಿ. ಹೊಸ ನೀರು, ಎರಡು ಗಡ್ಡೆ ಬೆಳ್ಳುಳ್ಳಿ, ಒಂದು ಹಿಡಿ ಬೋಳುಕಾಳು ಜಜ್ಜಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಉಪ್ಪು ಕೊನೆಗೆ. ಕುಕ್ಕರ್ ಕೂಗಿಸಿದರೆ ತಿಳಿ ಕಲಕಿ ಹೋಗುತ್ತದೆ. ಬೋಳುಕಾಳು ಸಿಗದಿದ್ದರೆ ಕರಿಮೆಣಸೇ ಹಾಕಿ, ಬಣ್ಣ ಸ್ವಲ್ಪ ಮಬ್ಬು, ಅಷ್ಟೆ. ಗರಂ ಮಸಾಲೆ ಹಾಕ್ಲಾ ಅಂತ ಮಾತ್ರ ಕಾಮೆಂಟಿನಲ್ಲಿ ಕೇಳಬೇಡಿ.